ಸಾಮ್ರಾಜ್ಯದೊಳಗೆ ಸರ್ಕಾರಿ ಖರ್ಚಿನ ವಲಸೆ: 1919ರಿಂದ 1939ರವರೆಗೆ ಯಾವ ಯೋಜನೆ ಯಾರಿಗೆ ಒಗ್ಗುತ್ತಿತ್ತು?

ಟಿಕೆಟ್ಟಿನ ಬೆಲೆ ನೋಡಿ ಯೋಜನೆಯನ್ನು ಆರಿಸಬಾರದು. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಬ್ರಿಟನ್ ತನ್ನ ಜನರನ್ನು ಸರ್ಕಾರದ ಹಣದಿಂದಲೇ ಸಾಮ್ರಾಜ್ಯದ ಬೇರೆ ಬೇರೆ ದಿಕ್ಕುಗಳಿಗೆ ಕಳುಹಿಸಿತು. ಆ ಯೋಜನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಹಡಗಿನ ದರ. ಒಂದರಲ್ಲಿ ಪೂರ್ತಿ ಉಚಿತ, ಇನ್ನೊಂದರಲ್ಲಿ ಕೆಲವೇ ಪೌಂಡ್, ಮತ್ತೊಂದರಲ್ಲಿ ಸಾಲ. ಆದರೆ ಹೋದವರ ಬದುಕು ಹಸನಾದದ್ದಾಗಲಿ ಕೆಟ್ಟದ್ದಾಗಲಿ ಹಡಗಿನಿಂದ ಇಳಿದ ಮೇಲೆ. ಅಲ್ಲಿ ಯಾರು ಎದುರುಗೊಂಡರು, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಮೊದಲ ವರ್ಷ ಹೊಟ್ಟೆಗೆ ಏನು ಕೊಟ್ಟರು ಎಂಬುದೇ ಮುಖ್ಯವಾಯಿತು.

ಇಂಗ್ಲೆಂಡಿನ ಗಣಿ ಊರಿನಲ್ಲೋ ಸ್ಕಾಟ್ಲೆಂಡಿನ ದ್ವೀಪದಲ್ಲೋ ಒಂದು ಮನೆ. ಮೇಜಿನ ಮೇಲೆ ನಾಲ್ಕಾರು ಕರಪತ್ರಗಳು ಹರಡಿವೆ. ಗಂಡನಿಗೆ ಕೆಲಸವಿಲ್ಲ, ಹೆಂಡತಿಗೆ ಮಕ್ಕಳ ಚಿಂತೆ. ಆ ಮೇಜಿನ ಮುಂದೆ ಕುಳಿತವರ ಕಣ್ಣಿನಿಂದ ಈ ಹೋಲಿಕೆಯನ್ನು ಮಾಡಿದ್ದೇನೆ. ಇತಿಹಾಸದ ವಿದ್ಯಾರ್ಥಿಗಳು ಈ ಯೋಜನೆಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ‘ಸಾಮ್ರಾಜ್ಯ ವಲಸೆ’ ಎಂದು ಕರೆದುಬಿಡುತ್ತಾರೆ. ಗಂಟು ಬಿಚ್ಚಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ ಬೇರೆ ಬದುಕುಗಳು ಹೊರಬರುತ್ತವೆ.

ಪ್ರತಿ ಯೋಜನೆಗೂ ನಾನು ಕೇಳುವ ಪ್ರಶ್ನೆಗಳು ಇವು. ಅಲ್ಲಿ ಸಿಗುವುದು ಕೂಲಿಯೋ ಜಮೀನೋ? ಸಾಲ ಯಾರ ಹೆಸರಿನಲ್ಲಿ ಬೀಳುತ್ತದೆ? ಕೈಗೂಡದಿದ್ದರೆ ಹಿಂದಿರುಗುವ ದಾರಿ ಇದೆಯೇ? ಇವಿಷ್ಟನ್ನು ಆ ಕಾಲದ ಜಾಣ ವಲಸಿಗರೂ ಕೇಳುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕೇಳದಿದ್ದ ಇನ್ನೊಂದು ಪ್ರಶ್ನೆಯನ್ನು ನಾನು ಸೇರಿಸುತ್ತೇನೆ: ಆ ಜಮೀನು ಅದಕ್ಕೂ ಮೊದಲು ಯಾರದ್ದಾಗಿತ್ತು?

ಹಣ ಎಲ್ಲಿಂದ ಬಂತು

1921ರ ನಡುವಿನ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿತ್ತು. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಕೊಟ್ಟ ಮಾತು ಬಾಕಿ ಇತ್ತು. ಅತ್ತ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳು ಜನರಿಲ್ಲ ಎನ್ನುತ್ತಿದ್ದವು. ಇಲ್ಲಿ ಹೆಚ್ಚಾದ ಜನವನ್ನು ಅಲ್ಲಿಗೆ ಕಳುಹಿಸಿದರೆ ಅವರು ಗೋಧಿ, ಬೆಣ್ಣೆ ಬೆಳೆದು ಇಲ್ಲಿಗೆ ಮಾರುತ್ತಾರೆ, ಇಲ್ಲಿಯ ಕಾರ್ಖಾನೆ ಸಾಮಾನು ಕೊಳ್ಳುತ್ತಾರೆ ಎಂಬುದು ಲೆಕ್ಕಾಚಾರ. ಲಿಯೊ ಏಮರಿ ಎಂಬ ರಾಜಕಾರಣಿ ಈ ಲೆಕ್ಕಾಚಾರವನ್ನು ಬೆನ್ನು ಹತ್ತಿ ಕಾನೂನಾಗಿಸಿದರು. 1922ರ ಮೇ 31ರಂದು ಸಾಮ್ರಾಜ್ಯ ವಸಾಹತು ಕಾಯ್ದೆ ಜಾರಿಗೆ ಬಂತು. ವರ್ಷಕ್ಕೆ 30 ಲಕ್ಷ ಪೌಂಡಿನವರೆಗೆ, ಹದಿನೈದು ವರ್ಷಗಳ ಕಾಲ ಬ್ರಿಟನ್ ಖರ್ಚು ಮಾಡಬಹುದಿತ್ತು. ಆದರೆ ಯಾವ ಯೋಜನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಉಳಿದ ಅರ್ಧವನ್ನು ಅತ್ತ ಕಡೆಯ ಸರ್ಕಾರವೋ ಇತ್ತಲಿನ ಸೇವಾಸಂಸ್ಥೆಯೋ ಹಾಕಬೇಕು.

ಈ ಅರ್ಧರ್ಧದ ಷರತ್ತನ್ನು ನೆನಪಿಡಬೇಕು. ಬರುವವರು ಯಾರಾಗಿರಬೇಕು ಎಂದು ನಿರ್ಧರಿಸುವ ಅಧಿಕಾರ ಅದರಿಂದ ಬರಮಾಡಿಕೊಳ್ಳುವವರ ಕೈಗೆ ಹೋಯಿತು. ಅವರಿಗೆ ಬೇಕಿದ್ದವರು ರೈತರು, ಹೊಲದ ಆಳುಗಳು, ಮನೆಗೆಲಸದ ಹೆಣ್ಣುಮಕ್ಕಳು. ಬ್ರಿಟನ್ನಿನಲ್ಲಿ ಕೆಲಸ ಕಳೆದುಕೊಂಡು ಕುಳಿತವರು ಗಣಿಯವರು, ಹಡಗುಕಟ್ಟೆಯವರು, ಗಿರಣಿಯವರು. 1936ರ ಹೊತ್ತಿಗೆ ಈ ಕಾಯ್ದೆಯಡಿ 4 ಲಕ್ಷಕ್ಕೂ ಹೆಚ್ಚು ಜನ ಹೋದರು. ಆದರೂ ಮಂಜೂರಾದ ಹಣ ಯಾವ ವರ್ಷವೂ ಪೂರ್ತಿ ಖರ್ಚಾಗಲಿಲ್ಲ.

ಸೈನಿಕರಿಗೆ ಉಚಿತ ಟಿಕೆಟ್

ಕಾಯ್ದೆಗಿಂತ ಮೊದಲೇ, 1919ರಿಂದ 1922ರವರೆಗೆ, ಯುದ್ಧದಲ್ಲಿ ದುಡಿದ ಗಂಡಸರಿಗೂ ಹೆಂಗಸರಿಗೂ ಅವರ ಕುಟುಂಬಕ್ಕೂ ಮೂರನೇ ದರ್ಜೆಯ ಉಚಿತ ಪ್ರಯಾಣ ಸಿಗುತ್ತಿತ್ತು. ಸುಮಾರು 86,000 ಜನ ಇದನ್ನು ಬಳಸಿಕೊಂಡರು. ಹೋಗುವ ದೇಶ ನಿಮ್ಮನ್ನು ಒಪ್ಪಿಕೊಂಡಿರಬೇಕು ಎಂಬುದೊಂದೇ ದೊಡ್ಡ ಷರತ್ತು. ಟಿಕೆಟ್ಟಿಗೆ ಸಾಲವಿಲ್ಲ, ಮುಚ್ಚಳಿಕೆಯಿಲ್ಲ. ಕೆಲಸ ಹಿಡಿದು ಪಟ್ಟಣದಲ್ಲೇ ಉಳಿದರೂ ಕೇಳುವವರಿಲ್ಲ. ಅವಧಿ ಮುಗಿಯುವ ಮೊದಲು ಅರ್ಹತೆ ಇದ್ದವರಿಗೆ ಇದಕ್ಕಿಂತ ಸ್ವಚ್ಛವಾದ ಕರಾರು ಆಮೇಲೆ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯೇ ಸರ್ಕಾರದಿಂದ ಸಾಲದ ಜಮೀನು ಹಿಡಿದವರ ಕಥೆ ಬೇರೆ.

ಈ ಟಿಕೆಟ್ಟು ಬ್ರಿಟನ್ನಿನ ಯೋಧರಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಓಡಿಸಿ ಫಿರಂಗಿಗಳ ಮೇಲೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್‌ನ ಸವಾರರೂ ಅದೇ ಚಕ್ರವರ್ತಿಗಾಗಿ ಕಾದಿದವರೇ. ಅವರಿಗೆ ಇಂಥದ್ದೊಂದು ಬಾಗಿಲು ತೆರೆಯಲಿಲ್ಲ.

ಕೆನ್ಯಾ: ಚೀಟಿ ಎತ್ತಿ ಹಂಚಿದ ಭೂಮಿ

ಸ್ವಲ್ಪ ಬಂಡವಾಳವಿದ್ದ ಅಧಿಕಾರಿ ವರ್ಗದವರ ಕಣ್ಣು ಕೆನ್ಯಾದ ಮೇಲಿತ್ತು. 1919ರ ಸೈನಿಕ ವಸಾಹತು ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಹಿಡುವಳಿಗಳನ್ನು ಗುರುತಿಸಿದರು; ಒಟ್ಟು ವಿಸ್ತೀರ್ಣ 20 ಲಕ್ಷ ಎಕರೆಗೂ ಹೆಚ್ಚು. 160 ಎಕರೆಯ ಸಣ್ಣ ಹಿಡುವಳಿಗಳು ಉಚಿತ. ದೊಡ್ಡವನ್ನು ಕಂತಿನಲ್ಲಿ ಕೊಳ್ಳಬೇಕು. ಯಾರಿಗೆ ಯಾವುದು ಎಂಬುದನ್ನು ನೈರೋಬಿಯಲ್ಲೂ ಲಂಡನ್ನಿನಲ್ಲೂ ಚೀಟಿ ಎತ್ತಿ ನಿರ್ಧರಿಸಿದರು.

ಹೋದವರ ಲೆಕ್ಕ ಬಹುಬೇಗ ತಲೆಕೆಳಗಾಯಿತು. ಒಳ್ಳೆಯ ಬೆಲೆ ಇದೆ ಎಂದು ಬಿತ್ತಿದ ಅಗಸೆನಾರಿನ ಬೆಲೆ 1920ರ ನಂತರ ನೆಲ ಕಚ್ಚಿತು. ಅದೇ ಹೊತ್ತಿಗೆ ನಾಣ್ಯದ ಹೊಡೆತ. ಪೂರ್ವ ಆಫ್ರಿಕದಲ್ಲಿ ಆಗ ಓಡುತ್ತಿದ್ದದ್ದು ನಮ್ಮ ರೂಪಾಯಿ. ಮೊದಲು 1 ಷಿಲಿಂಗ್ 4 ಪೆನ್ಸ್ (ಆಗ 12 ಪೆನ್ಸ್‌ಗೆ ಒಂದು ಷಿಲಿಂಗ್) ಇದ್ದ ರೂಪಾಯಿಯ ಬೆಲೆಯನ್ನು 2 ಷಿಲಿಂಗಿಗೆ ನಿಲ್ಲಿಸಿದಾಗ, ರೂಪಾಯಿಯಲ್ಲಿ ಸಾಲ ಮಾಡಿದವರ ಹೊರೆ ಒಂದೇ ಏಟಿಗೆ ಅರ್ಧದಷ್ಟು ಏರಿತು. ಫಸಲು ಮಾರುವುದು ಪೌಂಡಿನಲ್ಲಿ, ತೀರಿಸುವುದು ರೂಪಾಯಿಯಲ್ಲಿ.

ಈ ಭೂಮಿಯ ಒಂದು ಭಾಗವನ್ನು ನಂದಿ ಜನರ ಮೀಸಲು ಪ್ರದೇಶದಿಂದ ಕತ್ತರಿಸಿ ತೆಗೆದಿದ್ದರು. ಅದೇ ಕಾಲದಲ್ಲಿ ಆಫ್ರಿಕನ್ ಗಂಡಸರ ಕೊರಳಿಗೆ ‘ಕಿಪಾಂಡೆ’ ಎಂಬ ಗುರುತಿನ ಚೀಟಿ ಬಿತ್ತು. ಕೂಲಿಯವನು ಧಣಿಯನ್ನು ಬಿಟ್ಟು ಹೋಗದಂತೆ ಮಾಡುವ ಹಗ್ಗ ಅದು. ಪೂರ್ವ ಆಫ್ರಿಕದ ಯುದ್ಧದಲ್ಲಿ ಭಾರತೀಯ ಸೈನಿಕರು ಸತ್ತಿದ್ದರೂ ಜಮೀನು ಹಂಚಲು ಎತ್ತಿದ ಚೀಟಿಯಲ್ಲಿ ಅವರ ಹೆಸರು ಬರುವಂತಿರಲಿಲ್ಲ. ಬ್ರಿಟಿಷ್ ಸರ್ಕಾರದ 1923ರ ಡೆವನ್‌ಷೈರ್ ಶ್ವೇತಪತ್ರ ಆಫ್ರಿಕನ್ನರ ಹಿತವೇ ಮೇಲು ಎಂದು ಬರೆಯಿತು, ಎತ್ತರದ ಫಲವತ್ತಾದ ನೆಲವನ್ನು ಮಾತ್ರ ಯುರೋಪಿಯನ್ನರಿಗೇ ಉಳಿಸಿತು. ಬಂಡವಾಳ ಇದ್ದವರಿಗೆ ಲಾಭವಾಗಬಹುದಾಗಿದ್ದ ಯೋಜನೆ ಇದು ಎಂದು ಯಾರಾದರೂ ವಾದಿಸಿದರೆ, ಆ ಲಾಭ ಯಾರ ಬೆನ್ನಿನ ಮೇಲೆ ನಿಂತಿತ್ತು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು.

ದಕ್ಷಿಣ ಆಫ್ರಿಕದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಪ್ಪು ಜನರನ್ನು ಕಡಿಮೆ ಕೂಲಿಗೆ ದುಡಿಸಿಕೊಳ್ಳುತ್ತಿದ್ದ ಆ ದೇಶಕ್ಕೆ ಬಿಳಿಯ ಕೂಲಿಕಾರರು ಬೇಕಿರಲಿಲ್ಲ, ಹಣ ತರುವವರು ಬೇಕಿತ್ತು. ಬಡವರಿಗೆ ಅದು ಆಯ್ಕೆಯೇ ಅಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಗುಂಪು ವಸಾಹತು

ಕರಪತ್ರಗಳಲ್ಲಿ ಅತ್ಯಂತ ಆಕರ್ಷಕವಾಗಿ ಕಂಡ ಯೋಜನೆ ಇದು. ಅತ್ಯಂತ ಹೆಚ್ಚು ಕಣ್ಣೀರು ಕುಡಿದದ್ದೂ ಇದೇ. ಹೀಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1921ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜನಸಂಖ್ಯೆ ಸುಮಾರು 3 ಲಕ್ಷ 30 ಸಾವಿರ. ಭಾರತದ ಮುಕ್ಕಾಲು ಭಾಗಕ್ಕಿಂತ ದೊಡ್ಡದಾದ ನೆಲದಲ್ಲಿ ಒಂದು ಪಟ್ಟಣದಷ್ಟು ಜನ. ಬೆಣ್ಣೆಯನ್ನೂ ಪೂರ್ವದ ರಾಜ್ಯಗಳಿಂದ ತರಿಸುವ ಪರಿಸ್ಥಿತಿ. ರಾಜ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಜೇಮ್ಸ್ ಮಿಚೆಲ್‌ಗೆ ಹೈನುಗಾರಿಕೆಯ ಕನಸು; ಜನ ಅವರಿಗೆ ಹಸುವಿನ ಹೆಸರು ಸೇರಿಸಿ ಅಡ್ಡಹೆಸರಿಟ್ಟಿದ್ದರು. ರಾಜ್ಯದ ನೈಋತ್ಯ ಮೂಲೆಯಲ್ಲಿ ಮಳೆ ಚೆನ್ನಾಗಿ ಬೀಳುತ್ತದೆ. ಮಂಜಿಮಪ್, ನಾರ್ತ್‌ಕ್ಲಿಫ್, ಡೆನ್ಮಾರ್ಕ್, ಮಾರ್ಗರೆಟ್ ರಿವರ್ ಎಂಬ ಊರುಗಳ ಸುತ್ತಲಿನ ಕಾಡನ್ನು ಕಡಿದು ಹುಲ್ಲುಗಾವಲು ಮಾಡಿದರೆ ಹಾಲಿನ ಹೊಳೆ ಹರಿಯುತ್ತದೆ ಎಂದು ಅವರು ನಂಬಿದ್ದರು. 1921ರಲ್ಲಿ ಮೊದಲ ಗುಂಪುಗಳು ಕಾಡು ಹೊಕ್ಕವು. 1923ರ ಒಪ್ಪಂದದಲ್ಲಿ 75,000 ವಲಸಿಗರನ್ನೂ 6,000 ಹೊಸ ಹೊಲಗಳನ್ನೂ ಗುರಿಯಾಗಿ ಬರೆದರು.

ಯೋಜನೆಯ ರಚನೆ ಹೀಗೆ. ಹನ್ನೆರಡರಿಂದ ಇಪ್ಪತ್ತು ಕುಟುಂಬಗಳ ಒಂದು ಗುಂಪು, ಅವರ ಮೇಲೊಬ್ಬ ಮೇಸ್ತ್ರಿ. ಮೊದಲು ಎಲ್ಲರೂ ಸೇರಿ ಎಲ್ಲರ ಜಮೀನಿನಲ್ಲೂ ಮರ ಕಡಿಯುವುದು, ಮನೆ ಕಟ್ಟುವುದು, ಬೇಲಿ ಹಾಕುವುದು. ಆಮೇಲೆ ಚೀಟಿ ಎತ್ತಿ ಜಮೀನು ಹಂಚಿಕೊಳ್ಳುವುದು. ಅಲ್ಲಿಯವರೆಗೆ ದಿನಕ್ಕೆ 10 ಷಿಲಿಂಗ್ ಜೀವನಾಂಶ. ಕೇಳಲು ಎಷ್ಟು ಚೆಂದ! ಒಂಟಿಯಾಗಿ ಕಾಡಿಗೆ ಬೀಳುವ ಭಯವಿಲ್ಲ, ಮೊದಲ ದಿನದಿಂದಲೇ ಕೈಗೆ ಕಾಸು, ಕೊನೆಗೆ ಸ್ವಂತ ಭೂಮಿ.

ಆದರೆ ಆ 10 ಷಿಲಿಂಗ್ ಕೂಲಿಯಾಗಿರಲಿಲ್ಲ, ಮುಂಗಡವಾಗಿತ್ತು. ಮರ ಕಡಿಯಲು ಆದ ಖರ್ಚು, ಮನೆಯ ಖರ್ಚು, ಹಸುವಿನ ಖರ್ಚು ಎಲ್ಲವೂ ಜಮೀನಿನ ಲೆಕ್ಕಕ್ಕೆ ಏರುತ್ತಾ ಹೋಯಿತು. ನಿಧಾನವಾಗಿ ಕೆಲಸ ಮಾಡಿದಷ್ಟೂ ಹೊಟ್ಟೆಗೆ ತಿಂದ ಅನ್ನ ಸಾಲವಾಗಿ ಬೆಳೆಯುತ್ತಿತ್ತು. ನನ್ನ ಬಾಲ್ಯದ ಮನೆಯಲ್ಲಿ ಸೊಸೈಟಿಯ ಪಾಸ್‌ಪುಸ್ತಕವನ್ನು ದೇವರ ಗೂಡಿನ ಪಕ್ಕದಲ್ಲೇ ಇಡುತ್ತಿದ್ದರು, ಅದನ್ನು ತೆರೆದ ದಿನ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತು. ಅದಕ್ಕೇ ಇರಬೇಕು, ಈ ಯೋಜನೆಯ ಬಗ್ಗೆ ಓದುವಾಗಲೆಲ್ಲ ನನ್ನ ಕಣ್ಣು ಕಾಡಿನ ವರ್ಣನೆಗಿಂತ ಮೊದಲು ಲೆಕ್ಕದ ಪುಸ್ತಕವನ್ನು ಹುಡುಕುತ್ತದೆ.

ಕಾಡಿನ ವಿಷಯಕ್ಕೆ ಬಂದರೆ, ಅಲ್ಲಿಯ ಕರ್ರಿ ಮರ ಜಗತ್ತಿನ ಅತಿ ಎತ್ತರದ ಮರಗಳಲ್ಲಿ ಒಂದು. 60, 70 ಮೀಟರ್ ಬೆಳೆಯುತ್ತದೆ. ಕಡಿದು ಉರುಳಿಸಿದ ಮೇಲೂ ಬೊಡ್ಡೆ ಉಳಿಯುತ್ತದೆ, ಬೊಡ್ಡೆ ಕಿತ್ತ ಮೇಲೆ ಬೇರು ಚಿಗುರುತ್ತದೆ. ಮಲೆನಾಡಿನಲ್ಲಿ ಕಾಡು ಸವರಿ ಗದ್ದೆ ಮಾಡಿದ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕೆಲಸಕ್ಕೆ ಇಳಿದವರಲ್ಲಿ ಎಷ್ಟೋ ಜನ ಕೊಡಲಿಯನ್ನೇ ಹಿಡಿಯದ ಪಟ್ಟಣಿಗರು. ವಾಸ ತಗಡಿನ ಗುಡಿಸಲಿನಲ್ಲಿ, ನಡುವೆ ಗೋಣಿತಾಟಿನ ಗೋಡೆ, ಕೆಳಗೆ ಮಣ್ಣಿನ ನೆಲ. ಲಂಡನ್ನಿನ ನಲ್ಲಿ ನೀರು ಬಿಟ್ಟು ಬಂದ ಹೆಂಗಸರು ಅಲ್ಲಿ ಮಕ್ಕಳನ್ನು ಹೆತ್ತರು.

ಡೆನ್ಮಾರ್ಕ್ ಸುತ್ತಲಿನವರಿಗೆ ಇನ್ನೊಂದು ಸಂಕಟ ಕಾದಿತ್ತು. ಹುಲ್ಲು ಹಸಿರಾಗಿ ಬೆಳೆದಿದ್ದರೂ ಅದನ್ನು ಮೇಯ್ದ ಹಸುಗಳು ದಿನೇ ದಿನೇ ಸೊರಗಿ ಸಾಯುತ್ತಿದ್ದವು. ಸಾಕುವುದು ಗೊತ್ತಿಲ್ಲದವರ ತಪ್ಪು ಎಂದು ಹೇಳುವುದು ಸುಲಭವಾಗಿತ್ತು. 1935ರಲ್ಲಿ ಅಂಡರ್‌ವುಡ್ ಮತ್ತು ಫಿಲ್ಮರ್ ಎಂಬ ವಿಜ್ಞಾನಿಗಳು ಕಾರಣ ಕಂಡುಹಿಡಿದರು: ಆ ಮಣ್ಣಿನಲ್ಲಿ ಕೋಬಾಲ್ಟ್ ಎಂಬ ಧಾತುವಿನ ಕೊರತೆ. ಚಿಟಿಕೆಗಿಂತ ಕಡಿಮೆ ಪ್ರಮಾಣದಲ್ಲಿ ಅದನ್ನು ಕೊಟ್ಟರೆ ಹಸು ಚೇತರಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಕುಟುಂಬಗಳು ತಮ್ಮನ್ನೇ ದೂರಿಕೊಂಡು ಜಮೀನು ಬಿಟ್ಟು ಹೋಗಿಯಾಗಿತ್ತು. ಇದನ್ನು ನೆನೆದಾಗ ನನಗೆ ಹೊಟ್ಟೆ ಉರಿಯುತ್ತದೆ. ಮಣ್ಣನ್ನು ಪರೀಕ್ಷಿಸದೆ ಜನರನ್ನು ಅದರ ಮೇಲೆ ಇಳಿಸಿದವರ ತಪ್ಪನ್ನು ಬೆವರು ಸುರಿಸಿದವರು ಹೊತ್ತರು.

1925ರಲ್ಲೇ ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗ ಕುಳಿತು ಯೋಜನೆಯ ದೋಷಗಳನ್ನು ಎತ್ತಿ ತೋರಿಸಿತು. 1930ರಲ್ಲಿ ಬೆಣ್ಣೆಯ ಬೆಲೆ ಕುಸಿದ ಮೇಲೆ ಉಳಿದವರ ಸ್ಥಿತಿಯೂ ಬಿಗಡಾಯಿಸಿತು. ಕಚ್ಚಿ ಹಿಡಿದು ನಿಂತ ಕೆಲವರಿಂದ ಆ ಮೂಲೆಯಲ್ಲಿ ಹೈನುಗಾರಿಕೆ ಬೇರೂರಿತು ಎಂಬುದು ನಿಜ. ಕಾಡು ಕಡಿದವರೇ ಹಾಲು ಕರೆದರು ಎನ್ನುವಂತಿರಲಿಲ್ಲ ಅಷ್ಟೇ. ವಿಕ್ಟೋರಿಯಾ ರಾಜ್ಯದಲ್ಲೂ ಬ್ರಿಟಿಷ್ ವಲಸಿಗರಿಗೆ ಜಮೀನು ಕೊಡುವ ಯೋಜನೆ ಕೆಟ್ಟಿತು. ಅಲ್ಲಿಯವರು ಮಾತ್ರ ಒಟ್ಟಾಗಿ ನಿಂತು ದೂರು ಕೊಟ್ಟರು, 1930ರ ದಶಕದ ಆರಂಭದಲ್ಲಿ ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಅವರ ಮಾತಿನಲ್ಲಿ ಹುರುಳಿದೆ ಎಂದಿತು, ಪರಿಹಾರವೂ ಸಿಕ್ಕಿತು. ಹೋಲಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಕೆನಡಾದ 3,000 ಕುಟುಂಬಗಳು

1924ರಲ್ಲಿ ಬ್ರಿಟನ್ ಮತ್ತು ಕೆನಡಾ ಮಾಡಿಕೊಂಡ ಈ ಒಪ್ಪಂದ ಪಶ್ಚಿಮ ಆಸ್ಟ್ರೇಲಿಯಾದ್ದಕ್ಕಿಂತ ಹೆಚ್ಚು ಯೋಚಿಸಿ ಮಾಡಿದ್ದು. ಕೆನಡಾ ಸರ್ಕಾರದ ಸೈನಿಕ ವಸಾಹತು ಮಂಡಳಿಯ ಬಳಿ ಹಿಂದಿನವರು ಬಿಟ್ಟುಹೋದ ಹೊಲಗಳಿದ್ದವು. ಅವನ್ನು 25 ವರ್ಷದ ಕಂತಿಗೆ, ಶೇಕಡ 5ರ ಬಡ್ಡಿಗೆ ಕೊಟ್ಟರು. ದನ, ಕುದುರೆ, ಉಪಕರಣಗಳಿಗೆ ಬ್ರಿಟನ್ ಕುಟುಂಬಕ್ಕೆ 300 ಪೌಂಡಿನವರೆಗೆ ಸಾಲ ಕೊಟ್ಟಿತು. ನೆಲ ಆಗಲೇ ಹಸನಾಗಿತ್ತು. ಹಳ್ಳಿಗಾಡಿನ ಅನುಭವವಿದ್ದ ಅಧಿಕಾರಿಗಳು ಬಂದು ನೋಡಿಕೊಂಡು ಹೋಗುತ್ತಿದ್ದರು. ಪ್ರಯಾಣವೂ ಸುಮಾರು ಹತ್ತು ದಿನದ್ದು. ಆಸ್ಟ್ರೇಲಿಯಾಕ್ಕೆ ಐದಾರು ವಾರ ಬೇಕು. ಜಮೀನೇ ಬೇಕು ಎಂದು ಹಟ ಹಿಡಿದವರಿಗೆ, ಅದೂ ಮನೆಯಲ್ಲಿ ದುಡಿಯುವ ವಯಸ್ಸಿನ ಮಕ್ಕಳಿದ್ದವರಿಗೆ, ಎರಡರಲ್ಲಿ ಒಂದನ್ನು ಆರಿಸಬೇಕಿದ್ದರೆ ಕೆನಡಾವನ್ನೇ ಹೇಳುತ್ತೇನೆ.

ಹಾಗೆಂದು ಇದು ಸುಖದ ಹಾದಿಯಾಗಿರಲಿಲ್ಲ. ಹಿಂದಿನವನು ಯಾಕೆ ಬಿಟ್ಟುಹೋದ ಎಂಬ ಪ್ರಶ್ನೆ ಆ ಹೊಲಗಳ ಮೇಲೆಲ್ಲ ತೂಗುತ್ತಿತ್ತು. 1932ರ ಕೊನೆಗೆ ಗೋಧಿಯ ಬೆಲೆ ಬುಷೆಲ್ಲಿಗೆ 40 ಸೆಂಟಿಗಿಂತ ಕೆಳಗಿಳಿಯಿತು. ಬಯಲು ಪ್ರಾಂತ್ಯಗಳಲ್ಲಿ ಬರವೂ ಧೂಳೂ ಸೇರಿದವು. ಕಂತು ಮಾತ್ರ ಹಳೆಯ ಬೆಲೆಯ ಲೆಕ್ಕದಲ್ಲೇ ಉಳಿದಿತ್ತು.

ಕರಪತ್ರದಲ್ಲಿ ಎದ್ದು ಕಾಣದ ಒಂದು ಸಂಗತಿಯೂ ಇತ್ತು. ಬಂದು ಐದು ವರ್ಷ ತುಂಬುವ ಮೊದಲು ಸರ್ಕಾರದ ಅನ್ನಕ್ಕೆ ಕೈಯೊಡ್ಡಿದರೆ ಕೆನಡಾ ನಿಮ್ಮನ್ನು ಗಡೀಪಾರು ಮಾಡಬಹುದಿತ್ತು. 1929ರ ನಂತರದ ಜಾಗತಿಕ ಆರ್ಥಿಕ ಮಹಾಕುಸಿತದ ಮೊದಲ ವರ್ಷಗಳಲ್ಲಿ ಸಾವಿರಾರು ಜನರನ್ನು ಹೀಗೆ ಹಡಗು ಹತ್ತಿಸಿದರು, ಅವರಲ್ಲಿ ಹೆಚ್ಚಿನವರು ಬ್ರಿಟನ್ನಿನವರೇ. ‘ಹಿಂದಿರುಗುವ ದಾರಿ ಇದೆಯೇ’ ಎಂಬ ನನ್ನ ಪ್ರಶ್ನೆಗೆ ಕೆನಡಾ ಕೊಟ್ಟ ಉತ್ತರ ಇದು. ದಾರಿ ಇತ್ತು, ಅವಮಾನದ ಮೂಲಕ.

1928ರ ಸುಗ್ಗಿ ಯೋಜನೆಯ ಬಗ್ಗೆ ಎರಡು ಮಾತು. ಸುಮಾರು 8,500 ನಿರುದ್ಯೋಗಿಗಳನ್ನು, ಬಹುಪಾಲು ಗಣಿ ಕಾರ್ಮಿಕರನ್ನು, ಕೆನಡಾದ ಗೋಧಿ ಕಟಾವಿಗೆ ಕಳುಹಿಸಿದರು. ಕಟಾವು ಮುಗಿದ ಮೇಲೆ ಅವರು ಅಲ್ಲೇ ನೆಲೆಸುತ್ತಾರೆ ಎಂಬ ಆಸೆ. ಹೆಚ್ಚಿನವರು ಚಳಿಗಾಲಕ್ಕೆ ಮೊದಲೇ ಮನೆಗೆ ಬಂದರು. ಪತ್ರಿಕೆಗಳು ಅದನ್ನು ಸೋಲು ಎಂದವು. ಒಂದು ಋತುವಿನ ಕೂಲಿ ಪಡೆದು, ದೇಶ ನೋಡಿ, ಸಾಲವಿಲ್ಲದೆ ಹೆಂಡತಿ ಮಕ್ಕಳ ಬಳಿಗೆ ಮರಳಿದವರನ್ನು ನಾನು ಸೋತವರೆಂದು ಕರೆಯಲಾರೆ.

ಊರಿಗೆ ಊರೇ ಹೋಗುವುದು

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಿಂದ 1923ರ ಏಪ್ರಿಲ್ ತಿಂಗಳಲ್ಲಿ ಎರಡು ಹಡಗುಗಳು ಹೊರಟವು. ಸೌತ್ ಉಯಿಸ್ಟ್‌ನಿಂದ ‘ಮಾರ್ಲಾಕ್’, ಲೂಯಿಸ್ ದ್ವೀಪದ ಸ್ಟಾರ್ನೊವೆಯಿಂದ ‘ಮೆಟಗಾಮಾ’. ಒಂದೊಂದರಲ್ಲೂ ಆ ದ್ವೀಪಗಳ ಸುಮಾರು 300 ಜನ. ಲೂಯಿಸ್‌ನವರ ಪಾಲಿಗೆ ಇದು ಎರಡನೆಯ ಪೆಟ್ಟು. ಯುದ್ಧ ಮುಗಿಸಿ ಮನೆಗೆ ಬರುತ್ತಿದ್ದ ಅವರ ನಾವಿಕರನ್ನು ಹೊತ್ತ ‘ಅಯೊಲೇರ್’ ಹಡಗು 1919ರ ಹೊಸವರ್ಷದ ಬೆಳಗಿನ ಜಾವ ದಡದ ಹತ್ತಿರವೇ ಬಂಡೆಗೆ ಬಡಿದು 201 ಜನ ಸತ್ತಿದ್ದರು. ಉಳಿದ ಹರೆಯವೂ ಈಗ ಹೊರಟಿತು.

ಮಾರ್ಲಾಕ್ ಹತ್ತಿದವರನ್ನು ಆಂಡ್ರ್ಯೂ ಮ್ಯಾಕ್‌ಡೊನೆಲ್ ಎಂಬ ಪಾದ್ರಿ ಆಲ್ಬರ್ಟಾಕ್ಕೆ ಕರೆದೊಯ್ದರು. ಮುಂದೆ ಅದೇ ಪ್ರಾಂತ್ಯದಲ್ಲಿ ಕ್ಲಾನ್‌ಡೊನಾಲ್ಡ್ ಎಂಬ ಊರು ಕಟ್ಟಿಸಿದರು. ಒಂದೇ ಭಾಷೆ, ಒಂದೇ ಪ್ರಾರ್ಥನೆ, ಪಕ್ಕದಲ್ಲೇ ಪರಿಚಿತರು. ಸಾಲದ ಭಾರ ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ಒಂಟಿತನದ ಭಾರ ಕಡಿಮೆಯಾಗುತ್ತದೆ. ಅದನ್ನು ತೂಗುವ ತಕ್ಕಡಿ ಕಚೇರಿಗಳಲ್ಲಿ ಇರಲಿಲ್ಲ.

ಅಲ್ಲಿರುವವರು ಕರೆಸಿಕೊಳ್ಳುವುದು

ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಹೋಗಲು ಇನ್ನೊಂದು ಸರಳ ದಾರಿ ಇತ್ತು. ಆಗಲೇ ಅಲ್ಲಿ ನೆಲೆಸಿದ್ದ ಅಣ್ಣನೋ ಚಿಕ್ಕಪ್ಪನೋ ಗೆಳೆಯನೋ ನಿಮ್ಮ ಹೆಸರು ಸೂಚಿಸುತ್ತಾರೆ, ಬಂದ ಮೇಲೆ ಇರಲು ಜಾಗ, ಮಾಡಲು ಕೆಲಸ ನೋಡಿಕೊಡುವ ಹೊಣೆ ಹೊರುತ್ತಾರೆ. ಸರ್ಕಾರಗಳು ದರದ ಒಂದು ಭಾಗವನ್ನು ಅನುದಾನವಾಗಿ ಕೊಡುತ್ತವೆ, ಉಳಿದದ್ದಕ್ಕೆ ಬೇಕಿದ್ದವರಿಗೆ ಸಾಲ ಸಿಗುತ್ತದೆ. ಜಮೀನಿನ ಗೊಡವೆಯಿಲ್ಲ. ಕಾಲಿಟ್ಟ ದಿನ ರಾತ್ರಿ ಊಟ ಹಾಕುವ ಮನೆಯೊಂದು ಇರುತ್ತದೆ. ಇದರ ಬಗ್ಗೆ ಬರೆಯುವವರು ಕಡಿಮೆ, ಏಕೆಂದರೆ ಇದರಲ್ಲಿ ಮಹಾಕನಸೂ ಇಲ್ಲ, ಮಹಾದುರಂತವೂ ಇಲ್ಲ. ಆ ಮೇಜಿನ ಮುಂದೆ ಕುಳಿತ ದಂಪತಿಗೆ ನಾನು ಒಂದೇ ಕರಪತ್ರವನ್ನು ಎತ್ತಿಕೊಡಬೇಕಿದ್ದರೆ ಇದನ್ನೇ ಕೊಡುತ್ತಿದ್ದೆ. 1925ರಲ್ಲಿ ಆಸ್ಟ್ರೇಲಿಯಾದೊಂದಿಗೆ 3 ಕೋಟಿ 40 ಲಕ್ಷ ಪೌಂಡಿನ ದೊಡ್ಡ ಒಪ್ಪಂದವಾಗಿ, ಹತ್ತು ವರ್ಷದಲ್ಲಿ 4 ಲಕ್ಷ 50 ಸಾವಿರ ಜನರನ್ನು ಕರೆಸುವ ಮಾತಾಯಿತು. ಮಹಾಕುಸಿತ ಬಂದೊಡನೆ ಅದು ನಿಂತಿತು.

ಒಂಟಿ ಹೆಣ್ಣುಮಕ್ಕಳು

1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು 17 ಲಕ್ಷ ಹೆಚ್ಚಿದ್ದರು. ಪತ್ರಿಕೆಗಳು ಅವರನ್ನು ಮಿಕ್ಕುಳಿದ ಸಾಮಾನಿನಂತೆ ಎಣಿಸಿ ಬರೆದವು. ಯುದ್ಧಕಾಲದಲ್ಲಿ ಕಾರ್ಖಾನೆ, ಕಚೇರಿ ನಡೆಸಿದವರು ಅವರು. ಡೊಮಿನಿಯನ್‌ಗಳು, ಅಂದರೆ ಕೆನಡಾ, ಆಸ್ಟ್ರೇಲಿಯಾದಂಥ ಸ್ವಯಮಾಡಳಿತದ ನಾಡುಗಳು, ಅವರಿಗೆ ತೆರೆದದ್ದು ಬಹುತೇಕ ಅಡುಗೆಮನೆಯ ಬಾಗಿಲು ಮಾತ್ರ. ಮನೆಗೆಲಸಕ್ಕೆ ಒಪ್ಪಿದವರಿಗೆ ಪ್ರಯಾಣ ಉಚಿತ ಅಥವಾ ಬಹಳ ಅಗ್ಗ. ಬ್ರಿಟಿಷ್ ಮಹಿಳೆಯರ ಸಾಗರೋತ್ತರ ವಸಾಹತು ಸಂಘ ಅರ್ಜಿಗಳನ್ನು ನೋಡಿಕೊಳ್ಳುತ್ತಿತ್ತು. ಮಾರ್ಕೆಟ್ ಹಾರ್ಬರೊದಲ್ಲಿ 1927ರಿಂದ ತರಬೇತಿ ವಸತಿಗೃಹವೂ ನಡೆಯಿತು. ಆಸ್ಟ್ರೇಲಿಯಾಕ್ಕೆ ಹೋಗುವವರು ಅಲ್ಲಿ ಅಡುಗೆ, ಒಗೆತ ಕಲಿಯುತ್ತಿದ್ದರು.

ಕೆಲಸ ತಕ್ಷಣ ಸಿಗುತ್ತಿತ್ತು, ಕೂಲಿ ಕೈಗೆ ಬರುತ್ತಿತ್ತು, ಸಾಲ ಇದ್ದರೂ ಚಿಕ್ಕದು, ಒಂದು ಮನೆ ಬೇಡವಾದರೆ ಇನ್ನೊಂದು. ನನ್ನ ಮೊದಲ ಮೂರು ಪ್ರಶ್ನೆಗಳಿಗೆ ಜಮೀನಿನ ಯೋಜನೆಗಳೆಲ್ಲಕ್ಕಿಂತ ಇದು ಚೆನ್ನಾಗಿ ಉತ್ತರಿಸುತ್ತದೆ. ಆದರೆ ದೂರದ ಹೊಲದ ಮನೆಯೊಂದರಲ್ಲಿ, ಹತ್ತಾರು ಮೈಲಿ ಸುತ್ತ ಇನ್ನೊಬ್ಬ ಹೆಣ್ಣಿನ ಮುಖ ಕಾಣದೆ, ಬೆಳಗಿನಿಂದ ರಾತ್ರಿಯವರೆಗೆ ದುಡಿದ ಇಪ್ಪತ್ತು ವರ್ಷದ ಹುಡುಗಿಗೆ ಈ ಉತ್ತರ ಸಾಲದು ಎಂಬುದೂ ನನಗೆ ಗೊತ್ತು. ಪಟ್ಟಣದ ಕೆಲಸ ಹಿಡಿಯುವುದು ಮೇಲು.

ಹುಡುಗರು ಮತ್ತು ಮಕ್ಕಳು

ಹದಿನೈದು ದಾಟಿದ ಹುಡುಗರಿಗೆ ಹಲವು ಯೋಜನೆಗಳಿದ್ದವು. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಪ್ರೀಮಿಯರ್ ಹೆನ್ರಿ ಬಾರ್‌ವೆಲ್ ಯುದ್ಧದಲ್ಲಿ ಸತ್ತ ತನ್ನ ರಾಜ್ಯದ ಸುಮಾರು 6,000 ಯೋಧರ ಜಾಗ ತುಂಬಲು ಅಷ್ಟೇ ಹುಡುಗರನ್ನು ಕರೆಸಬೇಕೆಂದಿದ್ದರು. 1922ರಿಂದ 1924ರವರೆಗೆ ಸುಮಾರು 1,500 ಹುಡುಗರು ಬಂದರು. ಅವರ ಕೂಲಿಯ ಒಂದು ಪಾಲನ್ನು ಸರ್ಕಾರ ಹಿಡಿದಿಟ್ಟು 21 ತುಂಬಿದ ಮೇಲೆ ಕೊಡುತ್ತಿತ್ತು. ಧಣಿ ಕೆಟ್ಟವನಾದರೂ ಬಿಟ್ಟು ಓಡಲು ಹುಡುಗನ ಕೈಯಲ್ಲಿ ಕಾಸಿರುತ್ತಿರಲಿಲ್ಲ. 1925ರಲ್ಲಿ ರಿಚರ್ಡ್ ಲಿಂಟನ್ ಆರಂಭಿಸಿದ ‘ಬಿಗ್ ಬ್ರದರ್’ ಚಳವಳಿ ಇದಕ್ಕಿಂತ ಮೇಲು. ಪ್ರತಿ ಹುಡುಗನಿಗೂ ಅಲ್ಲಿಯ ಒಬ್ಬ ಹಿರಿಯನನ್ನು ಅಣ್ಣನಂತೆ ಗೊತ್ತುಮಾಡುತ್ತಿದ್ದರು. ಪತ್ರ ಬರೆಯಲು, ದೂರು ಹೇಳಲು ಧಣಿಯಲ್ಲದ ಒಬ್ಬ ಮನುಷ್ಯ ಇರುವುದು ಆ ವಯಸ್ಸಿಗೆ ದೊಡ್ಡ ಆಸರೆ.

ಇನ್ನೂ ಚಿಕ್ಕ ಮಕ್ಕಳ ಯೋಜನೆಗಳನ್ನು ನಾನು ಹೋಲಿಕೆಗೆ ಸೇರಿಸುವುದಿಲ್ಲ. ಆರಿಸಿದವರು ಅವರಲ್ಲ. ಕಿಂಗ್ಸ್‌ಲಿ ಫೇರ್‌ಬ್ರಿಡ್ಜ್ 1912ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪಿಂಜಾರಾದಲ್ಲಿ ಕೃಷಿಶಾಲೆ ತೆರೆದು ಬ್ರಿಟನ್ನಿನ ಬಡ ಮಕ್ಕಳನ್ನು ಕರೆತಂದರು. 1920ರ ದಶಕದಲ್ಲಿ ಸರ್ಕಾರಿ ಹಣವೂ ಸೇರಿತು. ಕೆನಡಾಕ್ಕೆ ಹತ್ತೊಂಬತ್ತನೇ ಶತಮಾನದಿಂದಲೇ ಒಟ್ಟು ಸುಮಾರು 1 ಲಕ್ಷ ಮಕ್ಕಳು ಹೋಗಿದ್ದರು. 1924ರಲ್ಲಿ ಬ್ರಿಟಿಷ್ ರಾಜಕಾರಣಿ ಮಾರ್ಗರೆಟ್ ಬಾಂಡ್‌ಫೀಲ್ಡ್ ನೇತೃತ್ವದ ನಿಯೋಗ ಅಲ್ಲಿಗೆ ಹೋಗಿ ನೋಡಿ, ಶಾಲೆ ಬಿಡುವ ವಯಸ್ಸಿಗಿಂತ ಚಿಕ್ಕವರನ್ನು ಕಳುಹಿಸಬೇಡಿ ಎಂದು ಹೇಳಿತು. ಮರುವರ್ಷ ಕೆನಡಾ ಹೆತ್ತವರಿಲ್ಲದೆ ಬರುವ 14ರ ಒಳಗಿನ ಮಕ್ಕಳಿಗೆ ಬಾಗಿಲು ಮುಚ್ಚಿತು. ಆಸ್ಟ್ರೇಲಿಯಾ ಮುಚ್ಚಲಿಲ್ಲ. ಆ ಮಕ್ಕಳ ಕ್ಷಮೆಯನ್ನು ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್ ಕೇಳಿದ್ದು 2009ರ ನವೆಂಬರಿನಲ್ಲಿ, ಬ್ರಿಟನ್ನಿನ ಗಾರ್ಡನ್ ಬ್ರೌನ್ ಕೇಳಿದ್ದು 2010ರ ಫೆಬ್ರುವರಿಯಲ್ಲಿ. ಬಾಂಡ್‌ಫೀಲ್ಡ್ ಎಚ್ಚರಿಸಿ ಆಗ ಎಂಬತ್ತೈದು ವರ್ಷ ಕಳೆದಿತ್ತು.

ನಮ್ಮವರಿಗೆ ಇದ್ದ ಯೋಜನೆಗಳು

1922ರ ಅದೇ ಬೇಸಿಗೆಯಲ್ಲಿ, ಬ್ರಿಟನ್ ತನ್ನ ಜನರಿಗೆ ವಸಾಹತು ಕಾಯ್ದೆ ತಂದ ಹೊತ್ತಿಗೆ, ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಗಳನ್ನು ಸುತ್ತುತ್ತಿದ್ದರು. ಅವರು ಕೇಳಿದ್ದು ಆಗಲೇ ಅಲ್ಲಿದ್ದ ಭಾರತೀಯರಿಗೆ ಸಮಾನ ಪೌರತ್ವ. ಹೊಸಬರ ಪ್ರವೇಶದ ಮಾತನ್ನು ಎತ್ತುವಂತೆಯೇ ಇರಲಿಲ್ಲ.

ಭಾರತದ ಬಡವರಿಗೆ ಸಾಮ್ರಾಜ್ಯದೊಳಗೆ ಎರಡು ಬಗೆಯ ಸರ್ಕಾರಿ ಪ್ರಯಾಣಗಳಿದ್ದವು. ಒಂದು, ಸಿಲೋನ್ ಮತ್ತು ಮಲಯದ ತೋಟಗಳಿಗೆ. ಕರಾರು ಕೂಲಿ ಪದ್ಧತಿ ನಿಂತ ಮೇಲೆ 1922ರ ಭಾರತೀಯ ವಲಸೆ ಕಾಯ್ದೆ ಬಂತು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡಕ್ಕೂ ಅದು ಅನ್ವಯಿಸುತ್ತಿತ್ತು, ಹೋದವರಲ್ಲಿ ಮಾತ್ರ ತಮಿಳರೇ ಹೆಚ್ಚು. ಮಲಯದ ತೋಟದ ಧಣಿಗಳು ತೆರುತ್ತಿದ್ದ ವಲಸೆ ನಿಧಿಯಿಂದ ಮದ್ರಾಸು, ನಾಗಪಟ್ಟಣಗಳಿಂದ ಹಡಗಿನ ಖರ್ಚು ಸಿಗುತ್ತಿತ್ತು. ಕರೆದೊಯ್ಯುವವನು ಕಂಗಾಣಿ. ಕೂಲಿಯ ಸಾಲವಾಗಿ ಆ ಟಿಕೆಟ್ಟನ್ನು ಹೇರುವಂತಿರಲಿಲ್ಲ, ತಿಂಗಳ ಮುಂಚಿತ ಸೂಚನೆ ಕೊಟ್ಟು ಕೆಲಸ ಬಿಡಬಹುದಿತ್ತು. ಸಾಲದ ಪ್ರಶ್ನೆಯೊಂದನ್ನೇ ಕೇಳಿದರೆ, ಕರ್ರಿ ಕಾಡಿನ ಬಿಳಿಯ ರೈತನಿಗಿಂತ ಇವರ ಕರಾರು ಕಾಗದದ ಮೇಲೆ ಹಗುರ. ಆದರೆ ಅವನಿಗಿದ್ದ ಭೂಮಿಯ ಆಸೆ, ಮತದಾನದ ಹಕ್ಕು ಇವರಿಗಿರಲಿಲ್ಲ. ರಬ್ಬರ್ ಬೆಲೆ ಬಿದ್ದ 1930ರ ನಂತರ ಸಾವಿರಗಟ್ಟಲೆ ಜನರನ್ನು ಹಿಂದಕ್ಕೆ ಸಾಗಿಸಿದರು. ಕೂಲಿ ಕಡಿತದ ವಿವಾದದಿಂದಾಗಿ 1938ರ ಜೂನ್‌ನಲ್ಲಿ ಭಾರತ ಸರ್ಕಾರವೇ ಮಲಯಕ್ಕೆ ಸಹಾಯಧನದ ವಲಸೆಯನ್ನು ನಿಲ್ಲಿಸಿತು, ಮರುವರ್ಷ ಸಿಲೋನ್‌ಗೂ ನಿಲ್ಲಿಸಿತು.

ಎರಡನೆಯದು ತಿರುವುಮುರುವಾದ ವಲಸೆ. 1927ರ ಕೇಪ್‌ಟೌನ್ ಒಪ್ಪಂದದ ಪ್ರಕಾರ, ದಕ್ಷಿಣ ಆಫ್ರಿಕವನ್ನು ಬಿಟ್ಟು ಭಾರತಕ್ಕೆ ಹೋಗಲು ಒಪ್ಪಿದ ಭಾರತೀಯರಿಗೆ ಉಚಿತ ಪ್ರಯಾಣ, ದೊಡ್ಡವರಿಗೆ 20 ಪೌಂಡ್, ಮಕ್ಕಳಿಗೆ 10 ಪೌಂಡ್. ‘ಸಹಾಯಧನದ ವಲಸೆ’ ಎಂದೇ ಇದರ ಹೆಸರು. ಮನಸ್ಸು ಬದಲಾದರೆ ಮೂರು ವರ್ಷದೊಳಗೆ, ಪಡೆದ ಹಣವನ್ನು ತೀರಿಸಿ, ಮರಳಬಹುದು. ಮೂರು ವರ್ಷ ದಾಟಿದರೆ ದಕ್ಷಿಣ ಆಫ್ರಿಕದ ವಾಸದ ಹಕ್ಕು ಹೋಯಿತು. ಹೋದವರಲ್ಲಿ ಎಷ್ಟೋ ಜನ ಆ ದೇಶದ ನಟಾಲ್ ಪ್ರಾಂತ್ಯದಲ್ಲೇ ಹುಟ್ಟಿದವರು, ಭಾರತವನ್ನು ಕಂಡವರೇ ಅಲ್ಲ. ಅಪ್ಪ ಅಮ್ಮಂದಿರ ಹಳ್ಳಿಗೆ ಹೋದರೆ ಸಮುದ್ರ ದಾಟಿದವರೆಂದು ಜಾತಿಯವರು ಹೊರಗಿಟ್ಟರು. ಕೈಯಲ್ಲಿದ್ದ ಪೌಂಡುಗಳು ಕರಗಿದವು.

ಭವಾನಿ ದಯಾಳ್ ಸನ್ಯಾಸಿ ಮತ್ತು ಬನಾರಸಿದಾಸ್ ಚತುರ್ವೇದಿ 1931ರಲ್ಲಿ ಇವರ ಸ್ಥಿತಿಯ ಬಗ್ಗೆ ವರದಿ ಬರೆದರು. ಕಲ್ಕತ್ತೆಯ ಮಟಿಯಾಬುರುಜ್‌ನಲ್ಲಿ ವಸಾಹತುಗಳಿಂದ ಮರಳಿದ ಕುಟುಂಬಗಳು ಕೊಳೆಗೇರಿಯಲ್ಲಿ ಬಿಡಾರ ಹೂಡಿದ್ದವು. ಬಂದರಿಗೆ ಹತ್ತಿರದ ಜಾಗ ಅದು. ಯಾವುದಾದರೂ ಹಡಗು ತಮ್ಮನ್ನು ತಾವು ಹುಟ್ಟಿದ ನಾಡಿಗೆ ವಾಪಸ್ ಕರೆದೊಯ್ಯಬಹುದು ಎಂದು ಅವರು ಅಲ್ಲೇ ಕಾಯುತ್ತಿದ್ದರು.